ಕಲ್ಲು ದೇವರ ಮನೆಯಾದ ಬಗೆ



ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯಲ್ಲಿ ಮಂಡಗಪಟ್ಟು ಎಂಬ ಊರಿದೆ. ಅಲ್ಲಿನ ಬಂಡೆಯೊಂದರಲ್ಲಿ ಪಲ್ಲವ ದೊರೆ ಒಂದನೆಯ ಮಹೇಂದ್ರವರ್ಮ ಏಳನೆಯ ಶತಮಾನದ ಆರಂಭದಲ್ಲಿ ಒಂದು ಗುಹಾಲಯ ಕೊರೆಸಿದ. ದೊಡ್ಡದೇನಲ್ಲ. ಮುಂದೆ ದಪ್ಪನೆಯ ಕಂಬಗಳು, ಹಿಂದೆ ಮೂರು ಗೂಡು, ಇಕ್ಕೆಲದಲ್ಲಿ ದ್ವಾರಪಾಲಕರು. ಅಲ್ಲಿರುವ ಶಾಸನ ಒಂದೇ ಒಂದು ಸಂಸ್ಕೃತ ಪದ್ಯ. ಬ್ರಹ್ಮ, ಈಶ್ವರ, ವಿಷ್ಣು ಮೂವರಿಗೆ ಈ ಆಲಯವನ್ನು ಇಟ್ಟಿಗೆಯಿಲ್ಲದೆ, ಮರವಿಲ್ಲದೆ, ಲೋಹವಿಲ್ಲದೆ, ಗಾರೆಯಿಲ್ಲದೆ ಮಾಡಿಸಿದೆನೆಂದು ವಿಚಿತ್ರಚಿತ್ತನೆಂಬ ಬಿರುದಿನ ಆ ರಾಜ ಅದರಲ್ಲಿ ಸಾರುತ್ತಾನೆ.

ಈ ಪದ್ಯದಲ್ಲಿ ಕಲ್ಲಿನ ಹೆಸರೇ ಇಲ್ಲ. ಏನನ್ನು ಬಳಸಿದೆ ಎನ್ನುವುದಕ್ಕಿಂತ ಏನನ್ನು ಬಿಟ್ಟೆ ಎನ್ನುವುದೇ ಅವನಿಗೆ ದೊಡ್ಡದು. ದೇವರ ಮನೆ ಎಂದರೆ ಇಟ್ಟಿಗೆ, ಮರ, ಲೋಹ, ಗಾರೆ ಇರಲೇಬೇಕು ಎಂದು ನಂಬಿದ್ದ ಜನರ ನಡುವೆ ನಿಂತು ಆಡಿದ ಮಾತು ಇದು. ಸುತ್ತ ಎಲ್ಲಿ ನೋಡಿದರೂ ಬಂಡೆಗಳಿರುವ ನಾಡಿನಲ್ಲಿ, ಕಲ್ಲಿನಲ್ಲಿ ದೇವರಿಗೆ ಮನೆ ಮಾಡುವುದು ಅಷ್ಟು ಹೊಸದಾಗಿ ಏಕೆ ಕಂಡಿತು? ನಾನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿರುವ ವಿಚಾರವೆಲ್ಲ ಈ ಪ್ರಶ್ನೆಯ ಸುತ್ತ ಇದೆ.

ಕಲ್ಲನ್ನು ಸೀಳುವ, ಎತ್ತುವ, ಕೆತ್ತುವ ವಿದ್ಯೆ ಬರುವುದು ತಡವಾಯಿತು ಎಂಬುದು ತಟ್ಟನೆ ಹೊಳೆಯುವ ಉತ್ತರ. ಅದು ನಿಲ್ಲುವುದಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟ ಹತ್ತಿದವರಿಗೆ ಇದು ಗೊತ್ತು. ಕ್ರಿಸ್ತಪೂರ್ವದ ಕಬ್ಬಿಣ ಯುಗದಲ್ಲೇ ಅಲ್ಲಿನ ಜನ ಗ್ರಾನೈಟಿನ ಅಗಲವಾದ ಚಪ್ಪಡಿಗಳನ್ನು ಎಬ್ಬಿಸಿ, ನಾಲ್ಕು ಮಗ್ಗುಲಿಗೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವು ಚಪ್ಪಡಿಗಳಲ್ಲಿ ದುಂಡನೆಯ ಕಂಡಿಯನ್ನೂ ಕೊರೆದಿದ್ದಾರೆ. ಮಗಧದಲ್ಲಿ ಅಶೋಕನು ತನ್ನ ಆಳ್ವಿಕೆಯ 12ನೆಯ ವರ್ಷದಲ್ಲಿ ಬರಾಬರ್ ಬೆಟ್ಟದ ಗುಹೆಗಳನ್ನು ಆಜೀವಿಕ ಸಂನ್ಯಾಸಿಗಳಿಗೆ ಕೊಟ್ಟ. ಅವುಗಳ ಒಳಗೋಡೆಗೆ ಕೊಟ್ಟ ಹೊಳಪು ಇವತ್ತಿಗೂ ಕಣ್ಣಿಗೆ ಹೊಡೆಯುತ್ತದೆ. ಮಹೇಂದ್ರವರ್ಮನಿಗೆ ಎಂಟುನೂರಕ್ಕೂ ಹೆಚ್ಚು ವರ್ಷ ಮೊದಲೇ ಈ ದೇಶಕ್ಕೆ ಕಲ್ಲಿನ ಕೆಲಸ ಚೆನ್ನಾಗಿ ಬರುತ್ತಿತ್ತು. ತಡವಾಗಿದ್ದು ಬೇರೆ ಕಾರಣಕ್ಕೆ.

ಹಿರೇಬೆಣಕಲ್ಲಿನ ಆ ಕಲ್ಮನೆಗಳು ಬದುಕಿರುವವರ ಮನೆಗಳಲ್ಲ. ಸುತ್ತಲಿನ ಊರವರು ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಗಿಡ್ಡ ಜನರ ಕುಲವೊಂದು ಅಲ್ಲಿ ವಾಸವಾಗಿತ್ತೆಂಬ ಕತೆ ಹೇಳುತ್ತಾರೆ. ಕತೆಯಲ್ಲಿ ಒಂದು ಸತ್ಯವಿದೆ: ಅವು ಈಗಿಲ್ಲದವರ ಮನೆಗಳು. ದಕ್ಷಿಣದ ಉದ್ದಗಲಕ್ಕೂ ಹರಡಿರುವ ಬೃಹತ್ ಶಿಲಾ ಸಮಾಧಿಗಳನ್ನು ನೋಡಿದರೆ ಒಂದು ಮಾತು ಸ್ಪಷ್ಟ. ಬದುಕಿದ್ದವರು ಮಣ್ಣು, ಬಿದಿರು, ಮರ, ಹುಲ್ಲಿನಲ್ಲಿ ಇದ್ದರು. ಸತ್ತವರಿಗೆ ಕಲ್ಲು ಸಲ್ಲುತ್ತಿತ್ತು. ಈ ಸಂಬಂಧ ಮುಂದೆಯೂ ಕಡಿಯಲಿಲ್ಲ. ತುರುಗೋಳಿನಲ್ಲಿ ಬಿದ್ದವನಿಗೆ ವೀರಗಲ್ಲು, ಗಂಡನ ಚಿತೆ ಏರಿದವಳಿಗೆ ಮಾಸ್ತಿಗಲ್ಲು, ಸಲ್ಲೇಖನದಲ್ಲಿ ದೇಹ ಬಿಟ್ಟ ಜೈನ ಮುನಿಗೆ ನಿಸಿದಿ. ಕನ್ನಡ ನಾಡಿನಲ್ಲಿ ಕಲ್ಲು ನಿಲ್ಲಿಸುವುದೆಂದರೆ ಬಹುಕಾಲ ಸತ್ತವರ ನೆನಪನ್ನು ನಿಲ್ಲಿಸುವುದೇ ಆಗಿತ್ತು.

ಪಲ್ಲವರ ಗುಹಾಲಯಗಳನ್ನು ಆಳವಾಗಿ ಅಭ್ಯಾಸ ಮಾಡಿದ ಕೆ. ಆರ್. ಶ್ರೀನಿವಾಸನ್ 1964ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನೇ ಕಾರಣವೆಂದು ಮಂಡಿಸಿದರು. ತಮಿಳರಿಗೆ ಕಲ್ಲು ಸಾವಿನ ದ್ರವ್ಯವಾಗಿತ್ತು, ಹಾಗಾಗಿ ಅದರಲ್ಲಿ ದೇವರನ್ನು ಕೂರಿಸಲು ಮನಸ್ಸು ಹಿಂಜರಿಯಿತು ಎಂಬುದು ಅವರ ವಾದ. ಇದನ್ನು ಎಲ್ಲರೂ ಒಪ್ಪಿಲ್ಲ. ನನಗೆ ಮಾತ್ರ ಇದರ ಹುರುಳು ನಿಜವೆಂದೇ ತೋರುತ್ತದೆ. ತಮಿಳುನಾಡಿನ ಗಡಿ ದಾಟಿಯೂ ಇದು ಸಲ್ಲುತ್ತದೆ ಎಂದು ನಾನು ತಿಳಿದಿದ್ದೇನೆ.

ಕಲ್ಲನ್ನು ಹಿಂಜರಿಕೆಯಿಲ್ಲದೆ ಮೊದಲು ಅಪ್ಪಿಕೊಂಡವರು ಯಾರು ಎಂದು ನೋಡಿ. ಆಜೀವಿಕರು, ಬೌದ್ಧರು, ಜೈನರು. ಬೌದ್ಧರ ಪೂಜೆಯ ನಡುವೆ ಇದ್ದದ್ದೇ ಸ್ತೂಪ, ಎಂದರೆ ಅಸ್ಥಿಯನ್ನು ಒಳಗಿಟ್ಟ ದಿಬ್ಬ. ಸಾವಿನ ಗುರುತನ್ನೇ ಪೂಜ್ಯವೆಂದು ತಿಳಿದವರಿಗೆ ಸಾವಿನ ದ್ರವ್ಯ ಮೈಲಿಗೆಯಾಗಲಿಲ್ಲ. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿ ಸಾತವಾಹನರ ಕಾಲದ ಸ್ತೂಪಕ್ಕೆ ಸುಣ್ಣಕಲ್ಲಿನ ಕೆತ್ತನೆಯ ಫಲಕಗಳನ್ನು ಸುತ್ತಲೂ ಹೊದಿಸಿದ್ದರು. ಅದರಲ್ಲೊಂದರ ಮೇಲೆ ಅಶೋಕ ರಾಜನ ಹೆಸರೇ ಕೆತ್ತಿದೆ. ಅದೇ ಕಾಲದ ಆಸುಪಾಸಿನಲ್ಲಿ ದೇವರನ್ನು ಪೂಜಿಸುತ್ತಿದ್ದವರು ಏನು ಮಾಡುತ್ತಿದ್ದರು? ಮಧ್ಯಪ್ರದೇಶದ ವಿದಿಶೆಯ ಬೆಸ್‌ನಗರದಲ್ಲಿ ಹೆಲಿಯೋಡೋರಸ್ ಎಂಬ ಯವನ ದೂತ ಕ್ರಿಸ್ತಪೂರ್ವ ಎರಡನೆಯ ಶತಮಾನದ ಕೊನೆಯ ಹೊತ್ತಿಗೆ ವಾಸುದೇವನಿಗೆ ಗರುಡಗಂಬ ನೆಡಿಸಿದ. ಕಂಬ ಕಲ್ಲಿನದು, ಇವತ್ತಿಗೂ ನಿಂತಿದೆ. ಆ ವಾಸುದೇವನ ಗುಡಿ ಮಾತ್ರ ಉಳಿದಿಲ್ಲ. ಅಗೆದು ನೋಡಿದಾಗ ಸಿಕ್ಕಿದ್ದು ಮರದ ಕಂಬಗಳ ಕುಳಿಗಳು, ಅಂಡಾಕಾರದ ತಳಪಾಯ. ಕಲ್ಲು ದೇವರ ಅಂಗಳದ ತನಕ ಬಂದು ಹೊಸ್ತಿಲಾಚೆ ನಿಂತಿತ್ತು.

ಒಳಗಿದ್ದದ್ದು ಇಟ್ಟಿಗೆ ಮತ್ತು ಮರ. ಈ ಎರಡೂ ಅಗ್ಗದ ಸಾಮಗ್ರಿಯೆಂದು ಒಳಗೆ ಬಂದದ್ದಲ್ಲ. ಅವುಗಳ ಕುಲಗೋತ್ರ ದೊಡ್ಡದು. ಇಟ್ಟಿಗೆಯ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಮ್ಮ ವಾಸ್ತುಚರಿತ್ರೆಯ ಪುಸ್ತಕಗಳು ಅದನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ ಎಂಬ ಸಂಕಟ ನನಗಿದೆ.

ವೈದಿಕರ ಅಗ್ನಿಚಯನದಲ್ಲಿ ಯಜ್ಞವೇದಿಯನ್ನು ಐದು ಪದರಗಳಲ್ಲಿ ಇಟ್ಟಿಗೆಯಿಂದ ಕಟ್ಟುತ್ತಾರೆ. ರೆಕ್ಕೆ ಬಿಚ್ಚಿದ ಗಿಡುಗನ ಆಕಾರ ಅದರಲ್ಲಿ ಹೆಸರುವಾಸಿ. ಮೊದಲು ಆ ನೆಲವನ್ನು ಉತ್ತು ಬಿತ್ತುತ್ತಾರೆ. ತಳದಲ್ಲಿ ತಾವರೆಯ ಎಲೆ, ಅದರ ಮೇಲೆ ಚಿನ್ನದ ಬಿಲ್ಲೆ, ಅದರ ಮೇಲೆ ಅಂಗಾತ ಮಲಗಿದ ಚಿನ್ನದ ಪುರುಷ. ಜೀವಂತ ಆಮೆಯೊಂದನ್ನೂ ಅಲ್ಲಿ ಇಡಬೇಕೆಂಬ ವಿಧಿಯಿದೆ. ಇಟ್ಟಿಗೆಯ ಅಳತೆ ಬರುವುದು ಯಜಮಾನನ ಮೈಯಿಂದ, ಅವನು ಕೈಯೆತ್ತಿ ನಿಂತ ಎತ್ತರದಿಂದ. ಒಬ್ಬನ ಅಳತೆಯ ಇಟ್ಟಿಗೆ ಇನ್ನೊಬ್ಬನಿಗೆ ಆಗದು. ಕೆಲವು ಇಟ್ಟಿಗೆಗಳಿಗೆ ಒಂದೊಂದಕ್ಕೂ ಬೇರೆ ಹೆಸರು, ಬೇರೆ ಮಂತ್ರ. ಉಳಿದವು ಜಾಗ ತುಂಬುವ ಲೋಕಂಪೃಣ ಇಟ್ಟಿಗೆಗಳು. ಶತಪಥ ಬ್ರಾಹ್ಮಣ ಇವುಗಳ ಸಂಖ್ಯೆ 10,800 ಎನ್ನುತ್ತದೆ. ದಿನಕ್ಕೆ 30 ಮುಹೂರ್ತದಂತೆ 360 ದಿನದ ವರ್ಷಕ್ಕೆ ಸಿಗುವ ಮುಹೂರ್ತಗಳ ಲೆಕ್ಕ ಅದು. ವೇದಿ ಕಟ್ಟುವವನು ಕಾಲವನ್ನೇ ಒಂದೊಂದು ತುಂಡಾಗಿ ಇಟ್ಟು, ಚೆದುರಿದ ಪ್ರಜಾಪತಿಯ ಮೈಯನ್ನು ಮತ್ತೆ ಕೂಡಿಸುತ್ತಾನೆ. ಕಟ್ಟಿ ಮುಗಿದ ಮೇಲೆ ಈ ಇಟ್ಟಿಗೆಗಳು ನನಗೆ ಹಾಲು ಕರೆಯುವ ಹಸುಗಳಾಗಲಿ ಎಂದು ಅಗ್ನಿಯನ್ನು ಬೇಡುತ್ತಾನೆ. ಒಂದರಿಂದ ಹತ್ತು, ಹತ್ತರಿಂದ ನೂರು ಎಂದು ಪರಾರ್ಧದವರೆಗೆ ಆ ಎಣಿಕೆ ಏರುತ್ತದೆ.

ಇಂಥ ವೇದಿಯೊಳಗೂ ಕಲ್ಲಿಗೆ ಒಂದು ಎಡೆಯಿತ್ತು, ಆದರೆ ಎಂಥ ಕಲ್ಲಿಗೆ? ಸ್ವಯಮಾತೃಣ್ಣ ಎಂಬ, ತಾನಾಗಿ ತೂತು ಬಿದ್ದ ಮೂರು ಕಲ್ಲುಗಳಿಗೆ. ಒಂದನೆಯ, ಮೂರನೆಯ, ಐದನೆಯ ಪದರದಲ್ಲಿ ಒಂದೊಂದನ್ನು ಇಡುತ್ತಾರೆ. ಅವು ಭೂಮಿ, ಅಂತರಿಕ್ಷ, ಆಕಾಶ. ಕೆಳಗೆ ಮಲಗಿದ ಚಿನ್ನದ ಪುರುಷನ ಉಸಿರು ಆ ತೂತುಗಳ ಮೂಲಕ ಆಡುತ್ತದೆ. ಉಸಿರಾಡದ ಕಲ್ಲಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮನುಷ್ಯ ಉಳಿ ಹಿಡಿದು ತೂತು ಕೊರೆದರೆ ಆಗುವುದಿಲ್ಲ, ಅದು ಮೊದಲೇ ಇರಬೇಕು. ಮುಂದೆ ಕಲ್ಲನ್ನು ದೇವರ ಮನೆಗೆ ತಂದವರು ಎದುರಿಸಬೇಕಾದ ಕಷ್ಟವೆಲ್ಲ ಇಲ್ಲಿ ಆಗಲೇ ಬೀಜರೂಪದಲ್ಲಿದೆ.

ಇದು ಬರೀ ಗ್ರಂಥದ ಮಾತಲ್ಲ. ಡೆಹ್ರಾಡೂನ್ ಜಿಲ್ಲೆಯ ಕಾಲ್ಸಿಯ ಹತ್ತಿರ ಜಗತ್‌ಗ್ರಾಮದಲ್ಲಿ ಗಿಡುಗನ ಆಕಾರದ ಇಟ್ಟಿಗೆ ವೇದಿ ಸಿಕ್ಕಿದೆ. ಅಶ್ವಮೇಧ ಮಾಡಿದ ಶೀಲವರ್ಮನೆಂಬ ರಾಜನ ಹೆಸರನ್ನು ಅಲ್ಲಿನ ಇಟ್ಟಿಗೆಗಳ ಮೇಲೆಯೇ ಬರೆದಿದೆ. ಕೇರಳದ ಪಾಂಞಾಳಿನಲ್ಲಿ 1975ರ ಏಪ್ರಿಲ್ 12ರಿಂದ 24ರವರೆಗೆ ನಂಬೂದಿರಿಗಳು ನಡೆಸಿದ ಅತಿರಾತ್ರ ಅಗ್ನಿಚಯನವನ್ನು ವಿದ್ವಾಂಸ ಫ್ರಿಟ್ಸ್ ಸ್ಟಾಲ್ ಮತ್ತು ಜೊತೆಗಾರರು ಚಿತ್ರೀಕರಿಸಿದರು. ಆಸಕ್ತಿಯಿದ್ದವರು ನೋಡಬೇಕು. ಕೊನೆಯ ದಿನ ಯಾಗಶಾಲೆಗೆ ಬೆಂಕಿ ಕೊಟ್ಟರು. ಹನ್ನೆರಡು ದಿನಕ್ಕಾಗಿ ಅಷ್ಟು ಶ್ರದ್ಧೆಯಿಂದ ಕಟ್ಟಿದ ವೇದಿಯನ್ನು ಹಾಗೆಯೇ ಬಿಟ್ಟು ನಡೆದರು. ಉಳಿಯಲಿ ಎಂಬ ಆಸೆಯೇ ಆ ಕಟ್ಟೋಣದಲ್ಲಿಲ್ಲ. ದೇವರು ಬರುತ್ತಾನೆ, ಹವಿಸ್ಸು ಸ್ವೀಕರಿಸುತ್ತಾನೆ, ಹೋಗುತ್ತಾನೆ. ಬಂದು ಹೋಗುವವನಿಗೆ ಕಲ್ಲಿನ ಮನೆ ಏಕೆ?

ಇನ್ನು ಮರ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವನಸಂಪ್ರವೇಶ ಎಂಬ ಅಧ್ಯಾಯವಿದೆ, ವಿಗ್ರಹಕ್ಕೆ ಮರ ತರಲು ಕಾಡು ಹೊಗುವ ಕ್ರಮ. ಸುಡುಗಾಡಿನ ಮರ, ಗುಡಿಯ ಮರ, ಹುತ್ತದ ಮೇಲಿನ ಮರ, ಸಿಡಿಲು ಬಡಿದದ್ದು, ಆನೆ ಮುರಿದದ್ದು, ಜೇನು ಗೂಡು ಕಟ್ಟಿದ್ದು ಬೇಡ. ಆರಿಸಿದ ಮರಕ್ಕೆ ಹಿಂದಿನ ರಾತ್ರಿ ಪೂಜೆ ಮಾಡಿ, ಅನ್ನ, ಹಾಲು, ಹೂವು, ಧೂಪ ಕೊಟ್ಟು, ಇಂಥ ದೇವರಿಗಾಗಿ ನಿನ್ನನ್ನು ಆರಿಸಿದ್ದೇವೆ ಎಂದು ಮರಕ್ಕೇ ತಿಳಿಸಬೇಕು. ಅದರಲ್ಲಿ ವಾಸವಾಗಿರುವ ಭೂತಗಳನ್ನು ಬೇರೆಡೆ ಮನೆ ಮಾಡಿಕೊಳ್ಳಿರೆಂದು ಕೈಮುಗಿದು ಬೇಡಬೇಕು, ಕ್ಷಮೆ ಕೇಳಬೇಕು. ಬೆಳಗ್ಗೆ ನೀರೆರೆದು, ಜೇನು, ತುಪ್ಪ ಎರಡನ್ನೂ ಹಚ್ಚಿದ ಕೊಡಲಿಯಿಂದ ಕಡಿಯಬೇಕು. ಬಿದ್ದ ದಿಕ್ಕಿನಿಂದ ಶುಭಾಶುಭ ತಿಳಿಯಬೇಕು. ಕಾಡಿನಿಂದ ದೇವರ ಮನೆಯತನಕದ ಈ ದಾರಿಯಲ್ಲಿ ಮರ ಒಮ್ಮೆಯೂ ವಸ್ತುವಾಗುವುದಿಲ್ಲ. ಅದೊಂದು ಜೀವ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೊರಟ ಜೀವ.

ಮರಕ್ಕೆ ಈ ಮಾನ ಇದ್ದುದರಿಂದಲೇ ಕಲ್ಲನ್ನು ಒಪ್ಪಿಕೊಂಡವರೂ ಮರವನ್ನು ಬಿಡಲಾರದೆ ಹೋದರು. ಲೋಣಾವಳದ ಹತ್ತಿರದ ಕಾರ್ಲೆಯ ಚೈತ್ಯಕ್ಕೆ ಹೋದವರು ತಲೆಯೆತ್ತಿ ನೋಡಬೇಕು. ಸುಮಾರು 38 ಮೀಟರ್ ಉದ್ದದ ಆ ಶಾಲೆ ಇಡಿಯಾಗಿ ಬಂಡೆಯಲ್ಲಿ ಕೊರೆದದ್ದು. ಚಾವಣಿಯೂ ಬಂಡೆಯೇ, ಬೀಳುವ ಭಯವಿಲ್ಲ, ಆಧಾರ ಬೇಕಿಲ್ಲ. ಆದರೂ ಆ ಬಂಡೆಯ ಕೆಳಗೆ ಬಾಗಿದ ತೇಗದ ತೊಲೆಗಳನ್ನು ಸಾಲಾಗಿ ಕೂರಿಸಿದ್ದಾರೆ. ಎರಡು ಸಾವಿರ ವರ್ಷ ಹಳೆಯ ಮರ ಇನ್ನೂ ಅಲ್ಲಿದೆ. ಏನನ್ನೂ ಹೊರದ ಆ ತೊಲೆಗಳನ್ನು ಶೋಭೆಗೆ ಹಾಕಿದ್ದು ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೂಜೆಯ ಜಾಗ ಎಂದರೆ ಮರದ ಕೆಳಗಿನ ಜಾಗ ಎಂಬ ತಿಳಿವಳಿಕೆ ಬೌದ್ಧರಲ್ಲೂ ಅಷ್ಟು ಗಟ್ಟಿಯಾಗಿತ್ತು. ಈ ಕಾರ್ಲೆಗೂ ನಮಗೂ ಒಂದು ನಂಟಿದೆ. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಕಲ್ಮನೆಯನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂದು ಅಲ್ಲಿನ ಶಾಸನ ಹೇಳುತ್ತದೆ. ವೈಜಯಂತಿಯನ್ನು ನಮ್ಮ ಬನವಾಸಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಬನವಾಸಿಯ ವ್ಯಾಪಾರಿಯೊಬ್ಬ ಸಹ್ಯಾದ್ರಿಯ ಬಂಡೆಯಲ್ಲಿ ಕಾಡಿನ ನೆನಪನ್ನು ಕಟ್ಟಿಸಿದ.

ಕಲ್ಲು ಕೊನೆಗೂ ದೇವರ ಹೊಸ್ತಿಲು ದಾಟಿತು. ಸಾಂಚಿಯ 17ನೆಯ ಸಂಖ್ಯೆಯ ಪುಟ್ಟ ಗುಡಿ ಐದನೆಯ ಶತಮಾನದ್ದು. ನಮ್ಮಲ್ಲಿ ಬಾದಾಮಿಯ ಮೂರನೆಯ ಗುಹೆ ಶಕ 500ರ ಕಾರ್ತಿಕ ಹುಣ್ಣಿಮೆ, ಎಂದರೆ ಕ್ರಿ.ಶ. 578ರದ್ದು. ಮಹಾವಿಷ್ಣುವಿಗೆ ಈ ಮನೆಯನ್ನು ಮಾಡಿಸಿದ ಚಾಲುಕ್ಯರ ಮಂಗಲೇಶ ಅದನ್ನು ದೇವರ, ಮಾನವರ ಶಕ್ತಿಯನ್ನೂ ಮೀರಿದ ಅದ್ಭುತವೆಂದು ಕರೆದ. ಮಂಡಗಪಟ್ಟಿಗೆ ಕೆಲವೇ ದಶಕ ಮೊದಲಿನ ಮಾತು. ಮಂಗಲೇಶನ ಬೆರಗು, ಮಹೇಂದ್ರವರ್ಮನ ಹೆಮ್ಮೆ ಎರಡೂ ಒಂದೇ ಬೇರಿನವು. ಆಮೇಲೆ ಐಹೊಳೆಯ ಮೇಗುತಿ ಬೆಟ್ಟದ ಮೇಲೆ ಶಕ 556ರಲ್ಲಿ, 634-35ರಲ್ಲಿ, ಕವಿ ರವಿಕೀರ್ತಿ ಜಿನಾಲಯ ಕಟ್ಟಿಸಿದ. ಇಮ್ಮಡಿ ಪುಲಕೇಶಿಯ ಗೆಲುವುಗಳಿಗಾಗಿ ನಾವೆಲ್ಲ ಓದುವ ಆ ಪ್ರಶಸ್ತಿ ತನ್ನ ಜಿನಭವನ ಶಿಲೆಯದೆಂದು ಮರೆಯದೆ ಹೇಳುತ್ತದೆ. ಆ ಗುಡಿಯ ಹಿಂದೆಯೇ ಬೃಹತ್ ಶಿಲಾಯುಗದ ಕಲ್ಮನೆಗಳಿವೆ. ಸತ್ತವರ ಕಲ್ಲು, ದೇವರ ಕಲ್ಲು ಒಂದೇ ಬೆಟ್ಟದ ಮೇಲೆ ಕೂಗಳತೆಯಲ್ಲಿವೆ. ಇದನ್ನು ಕಂಡಾಗ ನನಗೆ ಶ್ರೀನಿವಾಸನ್ ಅವರ ವಾದಕ್ಕೆ ಇನ್ನೊಂದು ಮಾತು ಸೇರಿಸಬೇಕೆನಿಸಿತು. ಕಲ್ಲು ಸತ್ತವರನ್ನು ತೊರೆದು ದೇವರ ಕಡೆ ಬಂದದ್ದಲ್ಲ. ಸತ್ತವರನ್ನು ಮರೆಯಾಗದಂತೆ ಹಿಡಿದಿಡುವ ಅದರ ಗುಣವೇ ಕೊನೆಗೆ ದೇವರಿಗೂ ಬೇಕಾಯಿತು. ಬಂದು ಹೋಗುತ್ತಿದ್ದ ದೇವರು ನೆಲೆನಿಲ್ಲುವ ದೇವರಾದ. ವಿಗ್ರಹದಲ್ಲಿ ಪ್ರತಿಷ್ಠೆಗೊಂಡು, ಆಚಂದ್ರಾರ್ಕ ಇದೇ ಊರಿನಲ್ಲಿ ಇರುತ್ತೇನೆಂದ. ಅವನ ಹೆಸರಿಗೆ ಭೂಮಿ ಬಿಡುವ ಶಾಸನಗಳೂ ಅದೇ ಕಾಲದಲ್ಲಿ ಹೆಚ್ಚುತ್ತವೆ.

ಆದರೆ ಕಲ್ಲು ಬಂದ ಹಾಗೆಯೇ ಒಳಗೆ ಸೇರಲಿಲ್ಲ. ಮೊದಲು ಅದಕ್ಕೆ ಜೀವ ಇದೆಯೆಂದು ಒಪ್ಪಬೇಕಾಯಿತು. ಮಯಮತ ಮೊದಲಾದ ದಕ್ಷಿಣದ ಶಿಲ್ಪಗ್ರಂಥಗಳ ಶಿಲಾಪರೀಕ್ಷೆಯನ್ನು ಓದಿದರೆ ಇದು ತಿಳಿಯುತ್ತದೆ. ಕಲ್ಲಿನಲ್ಲಿ ಗಂಡು, ಹೆಣ್ಣು, ನಪುಂಸಕ ಎಂದು ಮೂರು ಬಗೆ. ಬಡಿದಾಗ ಗಂಟೆಯ ಹಾಗೆ ಮೊಳಗಿದರೆ ಗಂಡು, ತಾಳದಂತೆ ಮೆಲುವಾಗಿ ನುಡಿದರೆ ಹೆಣ್ಣು, ದನಿಯೇ ಇಲ್ಲದಿದ್ದರೆ ನಪುಂಸಕ. ಗಂಡುಕಲ್ಲು ಲಿಂಗಕ್ಕೆ, ಹೆಣ್ಣುಕಲ್ಲು ಪೀಠಕ್ಕೆ, ನಪುಂಸಕ ಶಿಲೆ ಅವೆರಡರ ಕೆಳಗಿನ ಆಧಾರಕ್ಕೆ. ಕಲ್ಲಿಗೆ ವಯಸ್ಸೂ ಉಂಟು: ಎಳೆಯದು, ಪ್ರಾಯದ್ದು, ಮುದಿಯಾದದ್ದು. ಪ್ರಾಯದ ಕಲ್ಲೇ ಕೆಲಸಕ್ಕೆ ಬರುವುದು. ಅದಕ್ಕೆ ಮುಖ, ಬೆನ್ನು, ತಲೆ, ಕಾಲುಗಳಿವೆ. ನೆಲಕ್ಕೆ ತಾಗಿ ಮಲಗಿದ ಮಗ್ಗುಲು ಮುಖ, ಆಕಾಶ ನೋಡುವುದು ಬೆನ್ನು. ಎಬ್ಬಿಸುವ ಮೊದಲೇ ತಲೆಯ ದಿಕ್ಕಿಗೆ ಗುರುತು ಹಾಕಿಕೊಳ್ಳಬೇಕು. ಇಲ್ಲವಾದರೆ ದೇವರು ತಲೆಕೆಳಗಾಗಿ ನಿಂತಾನು. ಮೈಯಲ್ಲಿ ಕಲೆಯೋ ಉಂಗುರದಂಥ ಗುರುತೋ ಇದ್ದರೆ ಒಳಗೆ ಇನ್ನೊಂದು ಜೀವವಿದೆ, ಅದು ಗರ್ಭ ಕಟ್ಟಿದ ಕಲ್ಲು, ಮುಟ್ಟಬಾರದು.

ಇದರಲ್ಲಿ ಕಸುಬಿನ ಅನುಭವ ಎಷ್ಟಿದೆ ಎನ್ನುವುದನ್ನು ಕಲ್ಲುಕುಟಿಗರನ್ನು ಕೇಳಿ ತಿಳಿಯಬಹುದು. ಒಳಗೆ ಬಿರುಕಿದ್ದ ಕಲ್ಲು ದನಿ ಕೊಡುವುದಿಲ್ಲ, ಬೇರೆ ಖನಿಜದ ಗಂಟಿದ್ದರೆ ಉಳಿ ಜಾರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುವುದನ್ನು ಇಂದಿನ ಶಿಲ್ಪಿಗಳೂ ಬಿಟ್ಟಿಲ್ಲ. ಹಾಗೆಂದು ಇದೆಲ್ಲ ಗುಣಮಟ್ಟದ ಪರೀಕ್ಷೆ, ಧರ್ಮ ಅದರ ಮೇಲಿನ ಹೊದಿಕೆ ಎಂದು ನಮ್ಮ ಕಾಲದವರು ವಿವರಿಸುವಾಗ ನನಗೆ ಕಸಿವಿಸಿಯಾಗುತ್ತದೆ. ಗಟ್ಟಿ ಕಲ್ಲು ಸಾಕು ಎಂದಿದ್ದರೆ ಪೀಠಕ್ಕೂ ಲಿಂಗಕ್ಕೂ ಬೇರೆ ಬೇರೆ ದನಿಯ ಕಲ್ಲು ಹುಡುಕುವ ಶ್ರಮ ಏಕೆ ಬೇಕಿತ್ತು? ಕಸುಬು ಮತ್ತು ಶ್ರದ್ಧೆ ಆ ಶಿಲ್ಪಿಯಲ್ಲಿ ಎರಡಾಗಿರಲಿಲ್ಲ. ಅವನ ಕಿವಿಯಲ್ಲಿ ಕೇಳಿಸುತ್ತಿದ್ದದ್ದು ಒಂದೇ ದನಿ. ಪಟ್ಟದಕಲ್ಲಿನ ಬಳಿ ಶಂಕರಲಿಂಗನ ಗುಂಡು ಎಂಬಲ್ಲಿ ಚಾಲುಕ್ಯರ ಕಾಲದ ಕಲ್ಲುಗಣಿಯಿದೆ. ಕಲ್ಲು ಕಿತ್ತ ಬಂಡೆಗಳ ಮೇಲೆ ಕೆಲಸಗಾರರ ಹೆಸರುಗಳೂ ಅವರು ಗೀರಿದ ಚಿತ್ರಗಳೂ ಉಳಿದಿವೆ.

ಜೀವ ಒಪ್ಪಿದರೂ ಸಾಲಲಿಲ್ಲ. ಇಟ್ಟಿಗೆಯ, ಮರದ ನಡೆನುಡಿಯನ್ನು ಕಲ್ಲು ಕಲಿಯಬೇಕಾಯಿತು. ಕಲ್ಲಿನ ಗುಡಿ ಕಟ್ಟುವಾಗಲೂ ಆರಂಭದ ಕರ್ಮ ಪ್ರಥಮೇಷ್ಟಕೆಯೇ. ಬಾಗಿಲಿನ ಜಾಗದ ಪಕ್ಕದಲ್ಲಿ ನಾಲ್ಕು ಇಟ್ಟಿಗೆಗಳನ್ನು ಮಂತ್ರಪೂರ್ವಕ ಇಡಬೇಕು, ಕಲ್ಲಿನ ಕಟ್ಟಡವಾದರೆ ಆ ಇಟ್ಟಿಗೆಗಳನ್ನೇ ಕಲ್ಲಿನಲ್ಲಿ ಮಾಡಿಕೊಳ್ಳಬೇಕು. ಮುಗಿಯುವಾಗ ಶಿಖರದಲ್ಲಿ ಮೂರ್ಧೇಷ್ಟಕೆ, ನೆತ್ತಿಯ ಇಟ್ಟಿಗೆಗಳು. ಬುಡದಿಂದ ನೆತ್ತಿಯವರೆಗೆ ಇಡೀ ಕಲ್ಲಿನ ಗುಡಿ ಎರಡು ಸಾಲು ಇಟ್ಟಿಗೆಗಳ ನಡುವೆ ಕೂತಿದೆ. ಇವುಗಳ ನಡುವಿನ ಗರ್ಭನ್ಯಾಸದಲ್ಲಿ ತಾಮ್ರದ ಪೆಟ್ಟಿಗೆಯ ಮನೆಮನೆಗಳಲ್ಲಿ ಧಾನ್ಯ, ರತ್ನ, ಲೋಹ, ನದಿಯ ಮಣ್ಣು, ಹುತ್ತದ ಮಣ್ಣು ತುಂಬಿ ರಾತ್ರಿಯ ಹೊತ್ತು ಗೋಡೆಯೊಳಗೆ ಇಡುತ್ತಾರೆ. ಅಗ್ನಿವೇದಿಯ ತಳದಲ್ಲಿ ಉತ್ತು ಬಿತ್ತಿ ಚಿನ್ನದ ಪುರುಷನನ್ನು ಮಲಗಿಸಿದ್ದು ಇಲ್ಲಿ ಬೇರೆ ರೂಪದಲ್ಲಿ ಮುಂದುವರಿದಿದೆ ಎಂದೇ ನಾನು ತಿಳಿಯುತ್ತೇನೆ. ನಾವು ಮನೆ ಕಟ್ಟಿಸುವಾಗ ಪಾಯದ ಪೂಜೆಗೆ ನವಧಾನ್ಯ, ನವರತ್ನ, ಪಂಚಲೋಹ ಹಾಕುತ್ತೇವಲ್ಲ, ಅದರ ಮೂಲ ಇಷ್ಟು ಹಿಂದಕ್ಕೆ ಹೋಗುತ್ತದೆ.

ಮರದ ಮಾತಿಗೆ ಐಹೊಳೆಯ ಲಾಡಖಾನ್ ಗುಡಿಯ ಮುಂದೆ ನಿಂತು ಚಾವಣಿಯನ್ನು ನೋಡಿ. ಇಳಿಜಾರಾಗಿ ಹಾಸಿದ ದಪ್ಪ ಚಪ್ಪಡಿಗಳು, ಎರಡು ಚಪ್ಪಡಿ ಕೂಡುವ ಸಂದಿನ ಮೇಲೆ ಉದ್ದಕ್ಕೆ ಮಲಗಿಸಿದ ಕಲ್ಲಿನ ಪಟ್ಟಿಗಳು. ದೂರದಿಂದ ಅವು ಕಾಣುವುದು ಮರದ ದಿಮ್ಮಿಗಳ ಹಾಗೆ. ಹಲಗೆ ಹೊದಿಸಿ, ಸಂದಿಗೆ ಬೊಡ್ಡೆ ಇಟ್ಟು ಮಳೆ ಕಾಯುವ ಬಡಗಿಯ ಉಪಾಯ ಅದು. ಮರಳುಗಲ್ಲಿನಲ್ಲಿ ಬಡಗಿಯ ಕೈ ಕಾಣುತ್ತದೆ. ಬಾದಾಮಿಯ ಗುಹೆಗಳೊಳಗೆ ಹೊರುವ ಕೆಲಸವೇ ಇಲ್ಲದ ತೊಲೆಗಳನ್ನು, ಬೋದಿಗೆಗಳನ್ನು ಬಂಡೆಯಲ್ಲೇ ಬಿಡಿಸಿರುವುದೂ ಇದೇ ಕಾರಣಕ್ಕೆ. ಬೇರೆ ಆಕಾರ ಗೊತ್ತಿರಲಿಲ್ಲ, ರೂಢಿ ಬಿಡಲಿಲ್ಲ ಎನ್ನುವುದು ಅರ್ಧ ನಿಜ. ದೇವರು ಗುರುತಿಸುವ ಮನೆಯ ರೂಪ ಅದು ಎಂಬುದು ಉಳಿದ ಅರ್ಧ.

ಇಲ್ಲಿಂದಾಚೆಗೆ ಕಲ್ಲಿನ ಗೆಲುವು ಪೂರ್ತಿಯಾಯಿತು. ಗುಡಿ ಕಟ್ಟಿಸುವ ಪುಣ್ಯವನ್ನು ಲೆಕ್ಕ ಹಾಕುವ ಒಂದು ಸಂಸ್ಕೃತ ಪದ್ಯ ಮಣ್ಣಿನ ಗುಡಿಗಿಂತ ಮರದ ಗುಡಿಗೆ ಕೋಟಿ ಪಾಲು, ಇಟ್ಟಿಗೆಯದಕ್ಕೆ ಕೋಟಿ ಕೋಟಿ ಪಾಲು, ಕಲ್ಲಿನದಕ್ಕೆ ಎರಡು ಪರಾರ್ಧದಷ್ಟು ಫಲ ಎನ್ನುತ್ತದೆ. ಇಟ್ಟಿಗೆಗಳನ್ನು ಹಸುಗಳನ್ನಾಗಿ ಎಣಿಸಿದ ಅದೇ ಪರಾರ್ಧ ಈಗ ಕಲ್ಲಿನ ಪಾಲಿಗೆ ಬಂದಿತ್ತು. ಮರದ ಬಸದಿಯನ್ನು ತೆಗೆದು ಕಲ್ಲಿನದಾಗಿ ಮಾಡಿಸಿದ ಮಾತು ನಮ್ಮ ಶಾಸನಗಳಲ್ಲಿ ಬರುವುದು ಈ ಪುಣ್ಯದ ಏಣಿಯನ್ನು ಹತ್ತುವ ಹಂಬಲದಿಂದ.

ಹಣವಿದ್ದವರು ಕಲ್ಲಿನಲ್ಲಿ ಕಟ್ಟಿಸಿದರು, ಇಲ್ಲದವರು ಮಣ್ಣಿನಲ್ಲಿ. ಇದರಲ್ಲಿ ಧರ್ಮ ಏನಿದೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಹಂಪಿಗೆ ಹೋಗಬೇಕು. ವಿಜಯನಗರದ ಅರಸರಿಗೆ ಹಣದ ಕೊರತೆಯಿರಲಿಲ್ಲ, ಕಲ್ಲಿನ ಕೊರತೆಯಂತೂ ಇರಲಿಲ್ಲ, ಒಳ್ಳೆಯ ಕಲ್ಲುಕುಟಿಗರು ಕೈಕೆಳಗಿದ್ದರು. ವಿಠ್ಠಲನಿಗೆ, ವಿರೂಪಾಕ್ಷನಿಗೆ ತಳದಿಂದ ಚಾವಣಿಯವರೆಗೆ ಕಲ್ಲಿನ ಮನೆ ಕಟ್ಟಿದ ಅವರು ತಮ್ಮ ಅರಮನೆಗಳಿಗೆ ಜಗತಿಯನ್ನಷ್ಟೇ ಕಲ್ಲಿನಲ್ಲಿ ಮಾಡಿ ಮೇಲಿನದನ್ನು ಮರದಲ್ಲಿ ಕಟ್ಟಿಕೊಂಡರು. 1565ರ ಯುದ್ಧದ ಸೋಲಿನ ತರುವಾಯ ಅದೆಲ್ಲ ಸುಟ್ಟು ಹೋಯಿತು. ಮಹಾನವಮಿ ದಿಬ್ಬದ ಮೇಲೆ ಇವತ್ತು ಬಯಲು ಆಕಾಶವಿದೆ. ಕಂಬ ನಿಂತ ಗುರುತುಗಳಷ್ಟೇ ಉಳಿದಿವೆ. ಕಲ್ಲು ದೇವರಿಗೆ, ಮರ ಮನುಷ್ಯನಿಗೆ, ಅವನು ರಾಜನಾದರೂ ಸರಿ. ಇದು ಖಜಾನೆಯ ಲೆಕ್ಕಾಚಾರವಾಗಿರಲಾರದು.

ಎಲ್ಲ ಬದಲಾವಣೆಗೂ ಧಾರ್ಮಿಕ ಅರ್ಥ ಹಚ್ಚುವುದೂ ತಪ್ಪು. ಕಲ್ಯಾಣ ಚಾಲುಕ್ಯರ ಕಾಲಕ್ಕೆ, 1050ರ ಹೊತ್ತಿನ ಅಣ್ಣಿಗೇರಿಯ ಅಮೃತೇಶ್ವರದಿಂದ ಶುರುವಾಗಿ, ಶಿಲ್ಪಿಗಳು ಮರಳುಗಲ್ಲು ಬಿಟ್ಟು ಬಳಪದ ಕಲ್ಲಿನ ಜಾತಿಗೆ ಹೊರಳಿದರು. ಹೊಯ್ಸಳರು 1117ರ ಬೇಲೂರಿನಲ್ಲಿ, ಆಮೇಲೆ ಹಳೇಬೀಡು, ಸೋಮನಾಥಪುರಗಳಲ್ಲಿ ಅದನ್ನೇ ಹಿಡಿದರು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ತೆರೆದಂತೆ ಗಡಸು. ನವಿರು ಕೆತ್ತನೆಗೆ, ಕಂಬವನ್ನು ಕಡೆದು ತೆಗೆಯುವುದಕ್ಕೆ ಹೇಳಿಮಾಡಿಸಿದ್ದು. ಅಲ್ಲಿ ಕೈಯ ಕುಶಲತೆಯೇ ಮುಖ್ಯ ಕಾರಣ. ಕರಾವಳಿಯಲ್ಲಿ ಮಳೆಯೇ ಕಾರಣ. ಮುರಕಲ್ಲಿನ ಗರ್ಭಗುಡಿ, ಮರದ ಮೇಲ್ಕಟ್ಟು, ತಾಮ್ರದ ಹೊದಿಕೆ. 1430ರ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕಲ್ಲಿನ ಕಂಬಗಳಿದ್ದರೂ ಮೇಲಿನ ಅಂತಸ್ತುಗಳಲ್ಲಿ ಮರ ಉಳಿದುಕೊಂಡಿದೆ. ಭೂತಗಳ ಮೂರ್ತಿಗಳಲ್ಲಿ ಅಲ್ಲಿ ಮರ ಎಂದೂ ಸೋತದ್ದಿಲ್ಲ.

ಪುಣ್ಯದ ಆ ಏಣಿಯನ್ನೇ ಅಲುಗಿಸಿದವರು ಹನ್ನೆರಡನೆಯ ಶತಮಾನದ ಶರಣರು. ಅಧಿಷ್ಠಾನಕ್ಕೆ ಪಾದ, ಗೋಡೆಗೆ ಜಂಘೆ, ಮೇಲೆ ಕಂಠ, ಶಿಖರ ಎಂದು ಆಗಮಗಳೂ ಗುಡಿಯನ್ನು ದೇಹವಾಗಿಯೇ ಕಂಡಿದ್ದವು. ಬಸವಣ್ಣನವರು ಅದೇ ಹೋಲಿಕೆಯನ್ನು ಎತ್ತಿಕೊಂಡು ಅದರ ದಿಕ್ಕನ್ನು ತಿರುಗಿಸಿದರು. ಗುಡಿ ದೇಹದಂತೆ ಎನ್ನುವ ಬದಲು ದೇಹವೇ ಗುಡಿ ಎಂದರು. ಕಲ್ಲಿನ ಸ್ಥಿರತೆಯನ್ನೇ ಅನುಮಾನಿಸಿದರು. ಗುಡಿ ಕಟ್ಟಿಸುವ ಹಣವಿದ್ದವರನ್ನು ಕುರಿತ ಮಾತು ಇದು ಎಂದು ನಾವು ಬೇಗ ಗುರುತಿಸುತ್ತೇವೆ. ಇಟ್ಟಿಗೆಗಿಂತ ಕಲ್ಲಿಗೆ ಹೆಚ್ಚು ಪುಣ್ಯ ಎಂಬ ಎಣಿಕೆಯ ಮೇಲೂ ಅದು ನೇರವಾಗಿ ಬಿದ್ದ ಪೆಟ್ಟು. ಹಾಗೆ ನೋಡಿದರೆ, ವೇದಿ ಕಟ್ಟಿ ಬಿಟ್ಟು ಹೋದವರೂ ಸ್ಥಾವರವನ್ನು ನಂಬದ ಶರಣರೂ ಈ ಒಂದು ವಿಷಯದಲ್ಲಿ ದೂರದವರಲ್ಲ. ಬೇರೆಲ್ಲದರಲ್ಲೂ ಎದುರುಬದುರಾಗಿ ನಿಂತವರು ಇಲ್ಲಿ ಹತ್ತಿರ ಬರುವುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕೊನೆಯದಾಗಿ ಜೀರ್ಣೋದ್ಧಾರದ ಮಾತು. ಕಲ್ಲಿಗೆ ಜೀವವಿದೆ ಎಂದಮೇಲೆ ಅದಕ್ಕೆ ಸಾವೂ ಇರಬೇಕು. ಅಗ್ನಿಪುರಾಣ ಆ ವಿಧಿಯನ್ನೂ ಹೇಳುತ್ತದೆ. ಭಿನ್ನವಾದ ವಿಗ್ರಹದಿಂದ ದೇವರನ್ನು ಮೊದಲು ಬಿಡಿಸಿಕೊಳ್ಳಬೇಕು. ಬಳಿಕ ಮರದ್ದಾದರೆ ಬೆಂಕಿಗೆ, ಕಲ್ಲಿನದಾದರೆ ನೀರಿಗೆ, ಲೋಹ ರತ್ನಗಳದ್ದಾದರೆ ಆಳವಾದ ನೀರಿಗೆ ಅಥವಾ ಸಮುದ್ರಕ್ಕೆ. ಪ್ರತಿಯೊಂದು ದ್ರವ್ಯಕ್ಕೂ ತನ್ನದೇ ಅಂತ್ಯಕ್ರಿಯೆ. ಇವತ್ತು ನಮ್ಮೂರುಗಳಲ್ಲಿ ಹಳೆಯ ಗುಡಿಗಳಿಗೆ ಸಿಮೆಂಟು ಬಳಿದು, ಎಣ್ಣೆಬಣ್ಣ ಹೊಡೆದು, ನೆಲಕ್ಕೆ ಟೈಲ್ಸ್ ಹಾಸಿ, ಕಿತ್ತ ಕಲ್ಲುಗಳನ್ನು ರಸ್ತೆಯ ಬದಿಗೆ ಒಟ್ಟುತ್ತಿರುವುದನ್ನು ಕಾಣುತ್ತೇವೆ. ಭಕ್ತಿಯಿಂದಲೇ ಮಾಡುತ್ತಾರೆ, ಅದನ್ನು ನಾನು ಸಂದೇಹಿಸುವುದಿಲ್ಲ. ಆದರೆ ಆ ಕಲ್ಲುಗಳ ಮೇಲೆ ಶಾಸನವಿದೆಯೋ, ಕುಟಿಗನ ಹೆಸರಿದೆಯೋ, ತಲೆಯ ಗುರುತಿದೆಯೋ ನೋಡುವವರು ಬೇಕು. ಇಲ್ಲಿರುವ ವಿದ್ಯಾರ್ಥಿಗಳು ತಮ್ಮ ತಮ್ಮ ಊರಲ್ಲಿ ಆ ಕೆಲಸ ಮಾಡಬೇಕು. ಗುಡಿಯ ಕಲ್ಲು ಯಾವ ಗುಡ್ಡದಿಂದ ಬಂತು, ಯಾವ ದಾರಿಯಲ್ಲಿ ಬಂತು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬೇಕು.

ಹಾಗೆ ನೋಡುವವರಿದ್ದುದರಿಂದ ಉಳಿದ ಒಂದು ಕಲ್ಲಿನ ಸಂಗತಿ ಹೇಳುತ್ತೇನೆ. ಭೀಮಾ ತೀರದ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯಿದೆ. 1986ರಲ್ಲಿ ಅದರ ಚಾವಣಿ ಕುಸಿದು ವಿಗ್ರಹ ಭಗ್ನವಾಯಿತು. ಕೆಳಗಿದ್ದ ಪೀಠದ ಚಪ್ಪಡಿಯನ್ನು ತೆಗೆದು ನೋಡಿದಾಗ ಅದರ ಎರಡು ಮಗ್ಗುಲಲ್ಲೂ ಬ್ರಾಹ್ಮಿ ಅಕ್ಷರಗಳಿದ್ದವು. ಅದು ಅಶೋಕನ ಧರ್ಮಶಾಸನ. ವಿಗ್ರಹವನ್ನು ಕೂರಿಸುವುದಕ್ಕೆಂದು ನಡುವೆ ಚೌಕ ಕುಳಿ ಕೊರೆದಿದ್ದರಿಂದ ಅಲ್ಲಿನ ಅಕ್ಷರಗಳು ಹೋಗಿವೆ. ಪ್ರಾಣಿಹಿಂಸೆ ಬೇಡವೆಂದ ದೊರೆಯ ಮಾತು ಹೊತ್ತ ಕಲ್ಲು ಎಷ್ಟೋ ಶತಮಾನ ಕಾಳಿಯನ್ನು ಹೊತ್ತಿತ್ತು. ಆ ಪೀಠಕ್ಕೆ ಅರಿಸಿನ ಕುಂಕುಮ ಹಚ್ಚಿದವರಿಗೆ ಅಕ್ಷರ ಗೊತ್ತಿರಲಿಲ್ಲ. ಕಲ್ಲು ಪೂಜ್ಯವಾದದ್ದೆಂಬುದು ಗೊತ್ತಿತ್ತು. ಅಕ್ಷರ ಉಳಿದದ್ದೂ ಆ ಪೂಜೆಯ ಕೆಳಗೇ.